ಅತ್ತೆ ಗೋಡೆಯ ಮೇಲಿಂದ ಕಂಡದ್ದು

ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಾಗ ಒಂದು ವಾಸನೆ ಬರುತ್ತದಲ್ಲ, ಸ್ಪಿರಿಟ್ಟಿನಂಥದು, ಅದು ಮೂಗಿಗೆ ಬಿದ್ದರೆ ಸಾಕು, ನನಗೆ ನನ್ನ ತಂಗಿ ವಿಜಿ ನೆನಪಾಗುತ್ತಾಳೆ. ನೆನಪಾದ ಕೂಡಲೇ ಹೊಟ್ಟೆ ಉರಿಯುತ್ತದೆ. ಇದರಲ್ಲಿ ಮುಚ್ಚಿಡುವಂಥದ್ದೇನಿಲ್ಲ, ನನ್ನನ್ನು ಬಲ್ಲವರಿಗೆಲ್ಲ ಗೊತ್ತಿರುವ ವಿಷಯವೇ. ಬೇರೆಯವರಿಗೆ ಮಲ್ಲಿಗೆಯ ವಾಸನೆಗೆ ತವರುಮನೆ ನೆನಪಾಗುತ್ತದಂತೆ, ಮಣ್ಣಿನ ವಾಸನೆಗೆ ಬಾಲ್ಯ ನೆನಪಾಗುತ್ತದಂತೆ. ನನ್ನ ಪಾಲಿಗೆ ಬಂದದ್ದು ಇದು. ಹೊಸೂರಿನ ಒಂದು ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ ದಿನವಿಡೀ ಮಾರ್ಕರ್ ಹಿಡಿಯದೆ ಗತಿಯಿಲ್ಲ. ಹಾಗಾಗಿ ಸಂಬಳ ತೆಗೆದುಕೊಂಡು ಹೊಟ್ಟೆಕಿಚ್ಚು ಪಡುವ ಕೆಲವೇ ಮಂದಿಯಲ್ಲಿ ನಾನೂ ಒಬ್ಬಳು ಎನ್ನಬಹುದು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಆಗ ಈ ಉರಿಯ ನ್ಯಾಯ ನಿಮಗೂ ಅರ್ಥವಾದೀತು. ಮುಂದಿನ ವಾರ ಯಾವ ಮೆಷಿನ್ನಿನಲ್ಲಿ ಯಾವ ಬಿಡಿಭಾಗ ತಯಾರಾಗಬೇಕು ಎಂದು ಬಿಳೀ ಬೋರ್ಡಿನ ಮೇಲೆ ಬರೆಯುವುದು. ಅಷ್ಟೇ. ಅಂದರೆ ನಾನೂ ಭವಿಷ್ಯವನ್ನೇ ನೋಡುವವಳು, ಆದರೆ ನನ್ನ ಭವಿಷ್ಯ ಶನಿವಾರಕ್ಕೆ ಮುಗಿಯುತ್ತದೆ. ನಾನು ಬರೆದಿಟ್ಟ ಗುರುವಾರ ತಪ್ಪಿತೆನ್ನಿ, ಗುರುವಾರ ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರು ಬೋರ್ಡಿನ ಮುಂದೆ ನಿಂತು “ಎನ್ನಮ್ಮಾ ಇದು?” ಎಂದು ತಮಿಳಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಾರೆ. ವಿಜಿಯೂ ಬೋರ್ಡಿನ ಮೇಲೆ ಮುಂದಿನದನ್ನೇ ಬರೆಯುತ್ತಾಳೆ. ಆದರೆ ಅವಳು ಬರೆಯುವುದು ಇಪ್ಪತ್ತೈದು ವರ್ಷ ಆಚೆಯದನ್ನು. ತಪ್ಪಿದರೆ ಕೇಳುವವರಾದರೂ ಯಾರು? ಅಷ್ಟು ಹೊತ್ತಿಗೆ ಮ್ಯಾನೇಜರೇ ಇರುವುದಿಲ್ಲ. ಇದಕ್ಕೆ ಅವಳನ್ನು ವಿಮಾನದಲ್ಲಿ ಕರೆಸಿಕೊಳ್ಳುತ್ತಾರೆ, ಶಾಲು ಹೊದಿಸುತ್ತಾರೆ, ಮಾತಾಡಿಸಿ ವಿಡಿಯೋ ಮಾಡುತ್ತಾರೆ. ಆ ವಿಡಿಯೋವನ್ನು ನಮ್ಮ ಮನೆಯವರು ನೆಂಟರ ವಾಟ್ಸಾಪ್ ಗುಂಪಿಗೆಲ್ಲ ಹಂಚುತ್ತಾರೆ. ನನ್ನ ಬೋರ್ಡಿನ ಫೋಟೋ ಇವತ್ತಿನವರೆಗೆ ಅವರು ಯಾರಿಗೂ ಕಳಿಸಿದ್ದಿಲ್ಲ.

ವಿಜಿ ನನ್ನ ಚಿಕ್ಕಪ್ಪನ ಮಗಳು. ಅವಳದು ಭವಿಷ್ಯ ಅಧ್ಯಯನ. ಹಾಗೆಂದರೇನು ಎಂದು ನಮ್ಮ ಕಡೆಯವರಿಗೆ ಹೇಳಿ ಹೇಳಿ ಅವಳಿಗೆ ಅಭ್ಯಾಸವಾಗಿಹೋಗಿದೆ. ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಮಾವನೊಬ್ಬರು ಎಡಗೈ ಚಾಚಿ, “ನೋಡವ್ವ, ಸೊಲ್ಪ ಹೇಳ್ಬುಡು” ಎಂದರು. ಅವಳು ಬೇಸರ ಮಾಡಿಕೊಳ್ಳಲಿಲ್ಲ. “ನಾಳೆ ಏನಾಗ್ತದೆ ಅಂತ ಯಾರೂ ಹೇಳಕ್ಕಾಗಲ್ಲ ಮಾವ. ಏನೇನ್ ಆಗ್ಬೋದು, ಅದ್ರಲ್ಲಿ ಯಾವ್ದು ಆಗೋ ಹಂಗೈತೆ, ಯಾವ್ದು ನಮ್ಗೆ ಬೇಕು, ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡೋದು ನನ್ ಕೆಲ್ಸ. ಬೇಕಾದ್ದು ಯಾವ್ದು ಅಂತ ಗೊತ್ತಾದ್ರೆ ಅಲ್ಲಿಂದ ಹಿಂದಕ್ಕೆ ನಡ್ಕೊಂಡ್ ಬಂದು ಇವತ್ತೇನ್ ಮಾಡ್ಬೇಕು ಅಂತ ಹುಡುಕ್ಬೋದು” ಎಂದಳು. ಮಾವ ಪಾಯಸ ಸುರಿದುಕೊಳ್ಳುತ್ತ ತಲೆಯಾಡಿಸಿದರು. ಎದುರು ಸಾಲಿನಲ್ಲಿದ್ದ ನನಗೆ ಅದೆಲ್ಲ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ ಹಪ್ಪಳ ಗಂಟಲಿಗಿಳಿಯಲಿಲ್ಲ.

ಅವಳಿಗೆ ಇನ್ನೊಂದು ಚಾಳಿಯಿದೆ. ಮುಂದೆ ದೊಡ್ಡದಾಗುವ ಸಂಗತಿ ಮೊದಲು ಎಲ್ಲೋ ಮೂಲೆಯಲ್ಲಿ ಸಣ್ಣಗೆ ಕಾಣಿಸಿಕೊಳ್ಳುತ್ತದೆ, ಅದನ್ನು ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಕಣ್ಣಾಡಿಸುತ್ತ ನಡೆಯುವುದು. ನಮ್ಮ ಬೀದಿಯ ಕಟಿಂಗ್ ಶಾಪಿನ ಬಾಗಿಲಲ್ಲಿ ತಮಿಳಿನ ಕೆಳಗೆ ಒಡಿಯಾ ಅಕ್ಷರದಲ್ಲಿ ಒಂದು ರಟ್ಟಿನ ಬೋರ್ಡಿದೆ, ಕಾರ್ಖಾನೆಗೆ ಬಂದ ಹುಡುಗರಿಗಾಗಿ ಹಾಕಿದ್ದು. ವಿಜಿ ಅದರ ಮುಂದೆ ನಿಂತುಬಿಟ್ಟಳು. ಹತ್ತು ವರ್ಷದ ಮೇಲೆ ಈ ಬೀದಿಯ ಮಕ್ಕಳು ಯಾವ ಭಾಷೆಯಲ್ಲಿ ಆಡುತ್ತಿರುತ್ತಾರೆ, ಅಕ್ಕ, ಯೋಚನೆ ಮಾಡು ಎಂದಳು. ದಿನಾ ಎರಡು ಹೊತ್ತು ಅದರ ಮುಂದೆ ಓಡಾಡುವ ನನಗೆ ಹೊಳೆದಿದ್ದು ಬೋರ್ಡು ಸೊಟ್ಟಗಿದೆ ಎಂದಷ್ಟೆ.

ಇಷ್ಟಕ್ಕೂ ಈ ವಿದ್ಯೆ ಹುಟ್ಟಿದ್ದು ರಾಯಕೋಟೆಯಲ್ಲಿ, ನಮ್ಮ ಅತ್ತೆಯ ಮನೆಯ ಜಗುಲಿಯ ಮೇಲೆ, ಮತ್ತು ಹುಟ್ಟಿಸಿದವಳು ನಾನು. ವಿಜಿ ಇದನ್ನು ಒಪ್ಪುವುದಿಲ್ಲ. ನಮ್ಮಿಬ್ಬರ ಅಪ್ಪಂದಿರ ಊರು ಅಂಚೆಟ್ಟಿಯಿಂದ ಆಚೆ, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಕಡೆ. ಹೈಸ್ಕೂಲಿಗೆಂದು ಇಬ್ಬರನ್ನೂ ಅತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಅತ್ತೆ ಅಪ್ಪಂದಿರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ, ಮಕ್ಕಳಿಲ್ಲ. ಊರಾಚೆ ಒಂದು ಸಣ್ಣ ಟೊಮ್ಯಾಟೊ ತೋಟ, ತಾತ ಕಟ್ಟಿಸಿಕೊಟ್ಟ ಮನೆ, ಜೊತೆಗೆ ದೊಡ್ಡ ಬಾಯಿ. ಮಂಡಿಯಲ್ಲಿ ಟೊಮ್ಯಾಟೊ ಮಾರುವುದು ತೆಲುಗಿನಲ್ಲಿ, ಬಸ್ಸಿನಲ್ಲಿ ಸೀಟಿಗೆ ಜಗಳವಾಡುವುದು ತಮಿಳಿನಲ್ಲಿ, ನಮ್ಮನ್ನು ಬೈಯುವುದು ಮಾತ್ರ ಕನ್ನಡದಲ್ಲಿ. ಆ ಬೈಗುಳದಲ್ಲೂ ವಿಜಿಗೆ ಸ್ವಲ್ಪ ಕಡಿಮೆ ಬೀಳುತ್ತಿತ್ತು ಎಂಬುದು ನನ್ನ ಲೆಕ್ಕ. ಅವಳು ಚಿಕ್ಕವಳು, ನಾನು ದೊಡ್ಡವಳು. ಅತ್ತೆ ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, ದೊಡ್ಡೋಳು, ಚಿಕ್ಕೋಳು ಅಷ್ಟೆ. ತಲೆ ಬಾಚುವುದು ಮೊದಲು ಚಿಕ್ಕೋಳಿಗೆ. ಕಾವಲಿಯಿಂದ ಎದ್ದ ಮೊದಲ ದೋಸೆ ಚಿಕ್ಕೋಳಿಗೆ. ಮೊದಲ ದೋಸೆ ಯಾವಾಗಲೂ ಹರಿದಿರುತ್ತದೆ ಎಂದು ನನಗೆ ತಿಳಿದದ್ದು ನಾನೇ ದೋಸೆ ಹುಯ್ಯಲು ಕಲಿತ ಮೇಲೆ.

ಸಂಜೆ ಜಗುಲಿಯಲ್ಲಿ ಟೊಮ್ಯಾಟೊ ಬೇರೆ ಮಾಡಲು ಕೂರುತ್ತಿದ್ದೆವು. ಕಾಯಿ ಒಂದು ಕಡೆ, ದೋರೆ ಒಂದು ಕಡೆ, ಹಣ್ಣು ಒಂದು ಕಡೆ. ದೂರದ ಊರಿಗೆ ಹೋಗುವ ಲಾರಿಗೆ ಕಾಯಿ ಬೇಕು, ನಾಳಿನ ಸಂತೆಗೆ ಹಣ್ಣು ಬೇಕು. ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತಿರುವಾಗ ಬಾಯಿಗೆ ಒಂದು ಆಟ ಬೇಕಲ್ಲ. “ಹಂಗಾದ್ರೆ?” ಎಂಬ ಆಟವನ್ನು ನಾನು ಶುರು ಮಾಡಿದೆ. ನಾಳೆ ಬೆಳಗ್ಗೆ ಊರಿನವರೆಲ್ಲ ಮೂಕರಾಗಿಬಿಟ್ಟರೆ? ಕೋಟೆಯ ಬೆಟ್ಟ ಎದ್ದು ಕೃಷ್ಣಗಿರಿಗೆ ನಡೆದುಹೋದರೆ? ವಿಜಿ ಸುಮ್ಮನೆ ಉತ್ತರ ಕೊಡುತ್ತಿರಲಿಲ್ಲ. ಬೆಟ್ಟ ಹೋದರೆ ನೆರಳು ಹೋಗುತ್ತದೆ, ನೆರಳು ಹೋದರೆ ಅತ್ತೆಯ ತೋಟಕ್ಕೆ ಬಿಸಿಲು ಬೇಗ ಬರುತ್ತದೆ, ಕಾಯಿ ಬೇಗ ಹಣ್ಣಾಗುತ್ತದೆ, ದೂರದ ಲಾರಿಗೆ ಏನು ಹಾಕುವುದು ಎಂದು ಎಳೆಯುತ್ತ ಹೋಗುತ್ತಿದ್ದಳು. ನನಗೆ ಬೆಟ್ಟ ನಡೆಯುವುದೊಂದೇ ಸಾಕಾಗಿತ್ತು. ಅವಳಿಗೆ ಅದು ನಡೆದ ಮೇಲಿನದು ಬೇಕಿತ್ತು. ಆಟ ನನ್ನದು, ಅನ್ನ ತಿಂದವಳು ಅವಳು. ನೀವೇ ಹೇಳಿ, ಉರಿಯಬಾರದೆ?

ಹೋದ ವರ್ಷ ವಿಜಿ ತನ್ನ ತಂಡ ಕಟ್ಟಿಕೊಂಡು ರಾಯಕೋಟೆಗೇ ಬಂದಳು. “ನಮ್ಮ ಸೀಮೆ, ಇಪ್ಪತ್ತೈದು ವರ್ಷದ ಮೇಲೆ” ಎಂದು ಕಲ್ಯಾಣ ಮಂಟಪದಲ್ಲಿ ಒಂದು ದಿನದ ಶಿಬಿರ. ರೈತರು, ಕಾರ್ಖಾನೆಗೆ ಹೋಗಿಬರುವ ಹುಡುಗರು, ಸಂಘದ ಹೆಂಗಸರು, ಎಲ್ಲರನ್ನೂ ಕರೆದಿದ್ದರು. ನಾನು ರಜೆ ಹಾಕಿ ಹೋದೆ. ತಂಗಿಯ ಮೇಲಿನ ಪ್ರೀತಿಗೆ ರಜೆ ಹಾಕಿದ್ದಾಳೆ ಎಂದು ಮನೆಯವರು ಮೆಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಕೂತು ತಪ್ಪು ಹುಡುಕುವುದು ನನ್ನ ಉದ್ದೇಶವಾಗಿತ್ತು.

ಗೋಡೆಗೆ ದೊಡ್ಡ ಕಾಗದ ಅಂಟಿಸಿ, ಮಾರ್ಕರಿನಿಂದ ಉದ್ದಕ್ಕೊಂದು ಅಡ್ಡಕ್ಕೊಂದು ಗೀಟೆಳೆದಳು. ಉದ್ದ ಗೀಟಿನ ಒಂದು ತುದಿಗೆ ನೀರಿದೆ, ಇನ್ನೊಂದು ತುದಿಗೆ ನೀರಿಲ್ಲ. ಅಡ್ಡ ಗೀಟಿನ ಒಂದು ತುದಿಗೆ ಜನ ಹೊಲದಲ್ಲಿದ್ದಾರೆ, ಇನ್ನೊಂದು ತುದಿಗೆ ಎಲ್ಲರೂ ಕಾರ್ಖಾನೆಯಲ್ಲಿದ್ದಾರೆ. ನಡುವೆ ನಾಲ್ಕು ಚೌಕ. “ಇವು ನಾಲ್ಕು ಮನೆ. ಮುಂದೆ ನಾವು ಯಾವ ಮನೇಲಿ ಬೇಕಾದ್ರೂ ಇರ್ಬೋದು. ನಾಲ್ಕಕ್ಕೂ ಒಂದ್ಸಲ ಹೋಗಿ, ಒಲೆ ಹೆಂಗೈತೆ, ಮಕ್ಳು ಏನ್ ಮಾಡ್ತಾ ಅವ್ರೆ ನೋಡ್ಕೊಂಡ್ ಬರೋಣ” ಎಂದಳು. ಡೆಂಕಣಿಕೋಟೆ ಕಡೆಯಿಂದ ಬಂದಿದ್ದ ರಾಗಿ ಬೆಳೆಯುವವನೊಬ್ಬ ಎದ್ದು, “ಆನೆ ಯಾವ್ ಮನೇಲಿರ್ತದೆ ಮೇಡಂ?” ಎಂದ. ಎಲ್ಲರೂ ನಕ್ಕರು. ವಿಜಿ ನಗದೆ, ಸ್ವಲ್ಪ ಹೊತ್ತು ಕಾಗದ ನೋಡಿ, ನಾಲ್ಕು ಚೌಕಕ್ಕೂ ಒಂದೊಂದು ಆನೆ ಬರೆದಳು. ಅವನು ಸಮಾಧಾನವಾಗಿ ಕೂತ. ನಾನಾಗಿದ್ದರೆ ಅವನಿಗೆ ಏನೋ ಒಂದು ಹೇಳಿ ಕೂರಿಸುತ್ತಿದ್ದೆ.

ಆಮೇಲೆ ನನಗೆ ಹಬ್ಬವಾಗುವಂಥದ್ದೊಂದು ನಡೆಯಿತು. ಮಂಟಪದ ನಾಲ್ಕು ಮೂಲೆಗೂ ನಾಲ್ಕು ಮನೆಯ ಹೆಸರು ಬರೆದು ಅಂಟಿಸಿ, ನಿಮ್ಮ ಪ್ರಕಾರ ಯಾವುದು ಬರುತ್ತದೋ ಆ ಮೂಲೆಯಲ್ಲಿ ಹೋಗಿ ನಿಲ್ಲಿ ಎಂದರು. ಊರಿನ ಹಿರಿಯರು ಮೊದಲು ಎದ್ದು, ಫ್ಯಾನು ಜೋರಾಗಿ ತಿರುಗುತ್ತಿದ್ದ ಮೂಲೆಗೆ ಹೋಗಿ ನಿಂತರು. ಅದು ನೀರೂ ಇಲ್ಲದ, ಹೊಲವೂ ಇಲ್ಲದ ಮನೆ. ಸೊಸೆಯಂದಿರು ಮಾವಂದಿರ ಪಕ್ಕ ನಿಲ್ಲುವುದುಂಟೆ? ಸೆರಗು ಸರಿಮಾಡಿಕೊಂಡು ಹೆಂಗಸರೆಲ್ಲ ಅದರ ಎದುರು ಮೂಲೆಗೆ ನಡೆದರು. ಅಲ್ಲಿ ನೀರೂ ಇತ್ತು, ಹಸಿರೂ ಇತ್ತು. ವಿಜಿಯ ತಂಡದ ಹುಡುಗಿಯೊಬ್ಬಳು ಲ್ಯಾಪ್‌ಟಾಪಿನಲ್ಲಿ ಸರಸರ ಬರೆದುಕೊಂಡಳು: ಗಂಡಸರಿಗೆ ಭರವಸೆ ಇಲ್ಲ, ಹೆಂಗಸರಿಗೆ ಅಪಾರ ಭರವಸೆ. ನಾನು ಹಿಂದಿನ ಸಾಲಿನಲ್ಲಿ ಕರ್ಚೀಫು ಕಚ್ಚಿ ಹಿಡಿದೆ.

ಆದರೆ ವಿಜಿ ನಮ್ಮ ಮನೆಯ ಮಗಳೇ ಅಲ್ಲವೆ. ಊರಿಂದ ಬಂದಿದ್ದ ಅವಳ ಅಮ್ಮ, ನನ್ನ ಚಿಕ್ಕಮ್ಮ, ವರಸೆಯ ಮಾವನೊಬ್ಬರನ್ನು ಕಂಡು ಕಂಬದ ಮರೆಗೆ ಸರಿದದ್ದನ್ನು ನೋಡಿದವಳೇ ಹಣೆ ಚಚ್ಚಿಕೊಂಡು ನಕ್ಕಳು. ಅದನ್ನು ಅಳಿಸು ಎಂದು ಆ ಹುಡುಗಿಗೆ ಹೇಳಿದಳು. ಎಲ್ಲರನ್ನೂ ಕೂರಿಸಿ, ನಡುವೆ ಒಂದು ಕುರ್ಚಿ ಹಾಕಿ, ಇದರಲ್ಲಿ ಕೂತವರು ಇಪ್ಪತ್ತೈದು ವರ್ಷ ಮುಂದೆ ಹೋಗಿ ಕೂತ ಹಾಗೆ, ಸುತ್ತ ಏನು ಕಾಣುತ್ತದೋ ಹೇಳಿ ಎಂದಳು. ನನ್ನ ಹಬ್ಬ ಅಷ್ಟಕ್ಕೇ ಮುಗಿಯಿತು. ಒಬ್ಬ ಕಾರ್ಖಾನೆ ಹುಡುಗ ಕೂತು, “ಲೈನಲ್ಲೆಲ್ಲಾ ರೋಬೋ ಅವೆ, ನಾನು ಅವಕ್ಕೆ ಎಣ್ಣೆ ಬಿಡ್ತಾ ಇವ್ನಿ” ಎಂದ. ಅವನಾದ ಮೇಲೆ ಹೆಂಗಸರ ನಡುವಿನಿಂದ ಅತ್ತೆ ಎದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಕುರ್ಚಿ ಖಾಲಿಯಾದದ್ದು ಕಂಡಿತು, ಹೋಗಿ ಕೂತಳು.

“ಇಪ್ಪತ್ತೈದು ವರ್ಸಾನಾ? ಅಷ್ಟೊತ್ಗೆ ನಾನು ಗೋಡೆ ಮ್ಯಾಲಿರ್ತೀನಲ್ಲವ್ವ” ಎಂದಳು.

ಮಂಟಪವೆಲ್ಲ ಗೊಳ್ಳೆಂದಿತು. ವಿಜಿ ಮಾತ್ರ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, “ಸರಿ ಅತ್ತೆ. ಗೋಡೆ ಮೇಲಿದ್ದೀಯ. ಅಲ್ಲಿಂದ ಏನ್ ಕಾಣ್ತೈತೆ?” ಎಂದು ಕೇಳಿದಳು.

“ಬಾಗ್ಲು ಕಾಣ್ತೈತೆ. ಮೊಳೆ ಹೊಡ್ಯೋ ಜಾಗ ನಾನೇ ನೋಡ್ಮಡಗಿವ್ನಿ, ಬಾಗ್ಲಿಗೆ ಸರ್ಯಾಗಿ ಎದುರ್ಗೆ. ಬೀದೀಲಿ ಯಾರ್ ಓಡಾಡ್ತಾರೆ ಕಾಣ್ಬೇಕಲ್ಲ. ತೋಟ ಐತೋ ಇಲ್ವೋ ಅಲ್ಲಿಂದ ಕಾಣಾಕಿಲ್ಲ. ನೀರು ಇದ್ರೂ ಒಂದೇ ಇಲ್ದಿದ್ರೂ ಒಂದೇ, ಫೋಟೋಗೆ ಬಾಯಾರ್ತದಾ? ಪಿತೃಪಕ್ಸ ಬಂದೈತೆ, ಅದೊಂದ್ ಗೊತ್ತಾಯ್ತೈತೆ. ಬೀದಿಯೆಲ್ಲಾ ವಡೆ ವಾಸ್ನೆ. ಎಲ್ಲಾರ್ ಮನೇಲೂ ಎಡೆ ಇಕ್ತಾವ್ರೆ. ನನ್ ಹೊಟ್ಟೇಲಿ ಹುಟ್ಟಿದೋರು ಯಾರೂ ಇಲ್ವಲ್ಲ. ಯಾರ್ ಬತ್ತಾರೆ ಅಂತ ಬಾಗ್ಲೇ ನೋಡ್ತಾ ಕುಂತಿವ್ನಿ.”

ನಗು ನಿಂತಿತು. ನಮ್ಮ ಕಡೆ ಎಡೆ ಇಡುವುದೆಂದರೆ ನಿಮಗೆ ಗೊತ್ತಿರಬಹುದು. ತೀರಿಕೊಂಡವರ ಫೋಟೋ ಮುಂದೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ಬಾಗಿಲು ಮುಂದಕ್ಕೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಒಳಗೆ ಅವರು ಬಂದು ಉಂಡು ಹೋಗಲಿ ಎಂದು. ಎಡೆ ಇಡಲು ಯಾರೂ ಇಲ್ಲದಿದ್ದರೆ ಎನ್ನುವ ಮಾತನ್ನು ಅತ್ತೆ ಅಷ್ಟು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ಹೊಸೂರಿನಿಂದ ರಾಯಕೋಟೆಗೆ ಎಷ್ಟು ದೂರ? ಹತ್ತಿರದಲ್ಲೇ ಇದ್ದ ನಾನು ಕೇಳಿಯೂ ಇರಲಿಲ್ಲ. ಎಲ್ಲಿಂದಲೋ ಬಂದ ಇವಳು ಒಂದು ಕುರ್ಚಿ ಹಾಕಿ ಕೇಳಿಬಿಟ್ಟಳು. ಇದಕ್ಕೂ ನನಗೆ ಉರಿಯಿತು ಎಂದರೆ ನೀವು ನಂಬಬೇಕು.

“ಯಾರ್ ಬತ್ತಾರೆ ಅತ್ತೆ?” ಎಂದಳು ವಿಜಿ.

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು. ಚಿಕ್ಕೋಳು ಎನ್ನುತ್ತಾಳೆ, ಇನ್ನೇನು ಎನ್ನುತ್ತಾಳೆ ಎಂದು ನಾನು ಚಪ್ಪಲಿಗೆ ಕಾಲು ತೂರಿಸಿ ಎದ್ದುಹೋಗಲು ತಯಾರಾದೆ. ಮೊದಲ ದೋಸೆಯಿಂದ ಹಿಡಿದು ಅದೇ ಕಥೆ.

“ದೊಡ್ಡೋಳು ಬತ್ತಾಳೆ” ಎಂದಳು ಅತ್ತೆ.

“ಹೆಂಗ್ ಹೇಳ್ತೀಯ?”

“ಬರ್ದೆ ಇರ್ತಾಳಾ? ಎಲ್ಲಿ ನೀನು ಮೊದ್ಲು ಬಂದ್ಬುಡ್ತೀಯೋ ಅಂತ ಹೊಟ್ಟೆಕಿಚ್ಚಿಗಾದ್ರೂ ಬತ್ತಾಳೆ. ಬಂದು, ಎಡೆ ಇಕ್ಕಿ, ಬಾಗ್ಲು ಮುಂದಕ್ಕೆ ಮಾಡ್ಕಂಡು, ಬೀದೀಲಿ ನಿಂತ್ಕಂಡು ನಿನ್ ಕಾರು ಬತ್ತೈತಾ ಅಂತ ನೋಡ್ತಾ ಇರ್ತಾಳೆ. ಉಪ್ಪು ಕಮ್ಮಿ ಹಾಕಿರ್ತಾಳೆ, ಯಾವಾಗ್ಲೂ ಹಂಗೇಯ. ಆದ್ರೂ ಉಣ್ತೀನಿ.”

ಇಡೀ ಮಂಟಪ ಹಿಂದಿನ ಸಾಲಿಗೆ ತಿರುಗಿತು. ಗೆದ್ದೆ ಎಂದು ಒಂದು ಕ್ಷಣ ಎದೆ ಉಬ್ಬಿದ್ದು ನಿಜ. ಮರುಕ್ಷಣವೇ ಮುಖಕ್ಕೆಲ್ಲ ಬಿಸಿ ಏರಿತು. ನಾನು ಯಾರಿಗೂ ಕಾಣದ ಹಾಗೆ ಸಾಕಿಕೊಂಡಿದ್ದೇನೆ ಎಂದುಕೊಂಡಿದ್ದ ಹೊಟ್ಟೆಕಿಚ್ಚು ಅತ್ತೆಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದದ್ದಷ್ಟೇ ಅಲ್ಲ, ತಾನು ಸತ್ತ ಮೇಲೆ ಎಲೆಗೆ ಅನ್ನ ಬೀಳುವುದಕ್ಕೆ ಅವಳು ನೆಚ್ಚಿಕೊಂಡದ್ದೇ ಅದನ್ನು.

“ಮತ್ತೆ ನಾನು ಬರಲ್ವಾ ಅತ್ತೆ?” ಎಂದು ವಿಜಿ ಕೇಳಿದಳು. ಶಿಬಿರದ ದನಿಯಲ್ಲ ಅದು, ತಲೆ ಬಾಚಿಸಿಕೊಳ್ಳುತ್ತಿದ್ದವಳ ದನಿ.

“ನಿಂದ್ ಹೆಂಗವ್ವ ಹೇಳ್ಲಿ? ನೀನು ನಾಕು ಮನೇಲೂ ಇರೋಳು. ಆವತ್ತು ಯಾವ್ ಮನೇಲಿ ಕುಂತಿರ್ತೀಯೋ.”

ಒಬ್ಬೊಬ್ಬರು ಹೇಳಿದ್ದನ್ನೂ ಹಳದಿ ಚೀಟಿಯಲ್ಲಿ ಬರೆದು ನಾಲ್ಕು ಚೌಕಗಳಲ್ಲಿ ಒಂದಕ್ಕೆ ಅಂಟಿಸುವುದು ಅಲ್ಲಿನ ಕ್ರಮವಾಗಿತ್ತು. ವಿಜಿ ಅತ್ತೆಯ ಮಾತನ್ನೂ ಬರೆದಳು. ಬರೆದು ಕಾಗದದ ಮುಂದೆ ನಿಂತಳು. ನೀರಿರುವ ಮನೆಯೋ ಇಲ್ಲದ ಮನೆಯೋ, ಯಾವುದಕ್ಕೆಂದು ಅಂಟಿಸುವುದು? ಚೀಟಿಯನ್ನು ಬೆರಳ ತುದಿಯಲ್ಲೇ ಇಟ್ಟುಕೊಂಡು ಊಟದ ಗಂಟೆಯವರೆಗೂ ಓಡಾಡಿದಳು. ಅಷ್ಟು ವರ್ಷ ಅವಳು ಸೋಲುವುದನ್ನು ನೋಡಬೇಕು ಎಂದು ಕಾದಿದ್ದ ನನಗೆ ಅವತ್ತು ಅದನ್ನು ನೋಡಲಾಗಲಿಲ್ಲ. ಎದ್ದು ಹೋಗಿ ಊಟಕ್ಕೆ ಎಲೆ ಹಾಕುವವರ ಜೊತೆ ಸೇರಿಕೊಂಡೆ.

ಇದೆಲ್ಲ ಈ ಗುರುವಾರ ಮತ್ತೆ ತಲೆಗೆ ಬಂದದ್ದು ಬೋರ್ಡಿನ ಮುಂದೆ ಮಾರ್ಕರ್ ತೆರೆದು ನಿಂತಿದ್ದಾಗ. ಅದೇ ಹೊತ್ತಿಗೆ ಅತ್ತೆಯ ಫೋನು ಬಂತು. “ಚಿಕ್ಕೋಳು ಭಾನುವಾರ ಬತ್ತಾಳಂತೆ ಕಣೆ. ಸುಮ್ನೆ ಹೇಳ್ದೆ” ಎಂದು ಇಟ್ಟುಬಿಟ್ಟಳು. ನಾನು ಶನಿವಾರದ ಓವರ್‌ಟೈಮ್ ಸಾಲಿನಿಂದ ನನ್ನ ಹೆಸರು ಒರೆಸಿದೆ. ಶನಿವಾರ ಬೆಳಗಿನ ಬಸ್ಸಿಗೇ ರಾಯಕೋಟೆಯಲ್ಲಿದ್ದೆ.

ಅತ್ತೆ ಮುದ್ದೆಗೆ ಎಸರಿಟ್ಟಿದ್ದಳು. ಒಲೆಯ ಮೇಲೆ ಹುರುಳಿಕಾಳಿನ ಬಸ್ಸಾರು ಕುದಿಯುತ್ತಿತ್ತು. ಗೋಡೆಗೆ ಒರಗಿಸಿ ಎರಡೇ ತಟ್ಟೆ.

“ಇವತ್ತೇ ಬತ್ತೀನಿ ಅಂತ ಹೇಳಿರ್ಲಿಲ್ವಲ್ಲ” ಎಂದೆ.

“ಅವ್ಳು ಭಾನುವಾರ ಅಂದ್ಮೇಲೆ ನೀನು ಶನಿವಾರ ಬರ್ದೆ ಇನ್ಯಾವತ್ತು ಬತ್ತೀಯ?”

“ಅವ್ಳು ನಾಳೆ ಎಷ್ಟೊತ್ಗೆ ಬತ್ತಾಳೆ?”

“ಅವ್ಳೆಲ್ಲಿ ಬತ್ತಾಳೆ. ಡೆಲ್ಲೀಲಿ ಅದೇನೋ ಮೀಟಿಂಗಂತೆ.” ಅತ್ತೆ ಹಿಟ್ಟಿನ ಕೋಲು ತಿರುಗಿಸುತ್ತ ನನ್ನ ಕಡೆ ನೋಡಲೇ ಇಲ್ಲ. “ಭಾನುವಾರ ಅಂದೆ. ಯಾವ್ ಭಾನುವಾರ ಅಂದ್ನಾ?”

ಸಿಟ್ಟು ಬಂತು. ಬಸ್ಸಿನ ಹಾದಿಯುದ್ದಕ್ಕೂ ವಿಜಿಗಿಂತ ಒಂದು ದಿನ ಮುಂದಿದ್ದೇನೆ ಎಂದು ಹಿಗ್ಗಿದ್ದೆಲ್ಲ ದಂಡವಾಯಿತಲ್ಲ. ಆದರೆ ಮುದ್ದೆ ಬಿಸಿಯಾಗಿತ್ತು, ಬಸ್ಸಾರಿನ ಒಗ್ಗರಣೆ ಬಿದ್ದ ಮೇಲೆ ಸಿಟ್ಟು ಮಾಡಿಕೊಂಡು ಕೂರುವುದು ನನ್ನಿಂದಾಗದ ಕೆಲಸ. ಉಣ್ಣುತ್ತ ಎದುರು ಗೋಡೆಯನ್ನು ನೋಡಿದೆ. ಬಾಗಿಲಿಗೆ ಸರಿಯಾಗಿ ಎದುರಿನ ಅಷ್ಟು ಜಾಗವನ್ನು ಅತ್ತೆ ಖಾಲಿ ಬಿಟ್ಟಿದ್ದಳು, ಕ್ಯಾಲೆಂಡರನ್ನೂ ಪಕ್ಕಕ್ಕೆ ಸರಿಸಿದ್ದಳು. ಅತ್ತೆಯ ಫೋಟೋ ಅಲ್ಲಿಗೇರಿದ ಮೇಲೆ ಆ ಬಾಗಿಲಲ್ಲಿ ನಾನೊಬ್ಬಳೇ ನಿಂತಿರುವುದನ್ನು ಕಲ್ಪಿಸಿಕೊಂಡೆ. ಬೀದಿಯಲ್ಲಿ ಯಾವ ಕಾರೂ ಬರಲಿಲ್ಲ. ಗೆದ್ದದ್ದು ನಾನೇ, ಆದರೂ ಮುಂದೆ ಬರಬಹುದಾದ ಮನೆಗಳಲ್ಲಿ ಆ ಮನೆ ನನಗೆ ಬೇಡವೆನ್ನಿಸಿತು.

ಎಡಗೈಯಲ್ಲಿ ಫೋನು ತೆಗೆದು ವಿಜಿಗೆ ವಿಡಿಯೋ ಕಾಲ್ ಮಾಡಿದೆ. ಹಿಂದೆ ಯಾವುದೋ ದೊಡ್ಡ ಗಾಜಿನ ಕಟ್ಟಡ, ಕೊರಳಿಗೆ ಗುರುತಿನ ಚೀಟಿ. ನಾನು ಏನೂ ಹೇಳದೆ ಫೋನನ್ನು ತಟ್ಟೆಯ ಕಡೆ ತಿರುಗಿಸಿದೆ, ಆಮೇಲೆ ಅತ್ತೆಯ ಕಡೆ.

“ಬಸ್ಸಾರಾ?” ಎಂದಳು ವಿಜಿ.

“ಹೂಂ.”

“ಹುರುಳಿಕಾಳಿಂದಾ?”

“ಹೂಂ. ನಂಗೇ ಅಂತ ಮಾಡವ್ಳೆ.”

ಅವಳು ಮುಖವನ್ನು ಪರದೆಗೆ ಇನ್ನಷ್ಟು ಹತ್ತಿರ ತಂದಳು. ಆ ಮುಖವನ್ನು ನಾನು ಚೆನ್ನಾಗಿ ಬಲ್ಲೆ. ಎಷ್ಟೋ ವರ್ಷ ಕನ್ನಡಿಯಲ್ಲಿ ನೋಡಿಕೊಂಡದ್ದು ಅದೇ ಮುಖವನ್ನು. “ಅಕ್ಕ, ಮುಂದಿನ ವಾರ ನೀನ್ ಅತ್ತೆ ಮನೇಗೆ ಯಾವತ್ತು ಹೋಗ್ತೀಯ?” ಎಂದು ಏನೂ ಇಲ್ಲವೆಂಬ ಹಾಗೆ ಕೇಳಿದಳು.

“ಭಾನುವಾರ” ಎಂದೆ.

“ಸರಿ” ಎಂದು ಇಟ್ಟಳು.

ಅತ್ತೆ ಬೆರಳು ನೆಕ್ಕುತ್ತ, “ಏನಂದ್ಲು?” ಎಂದಳು.

“ಶನಿವಾರ ಬತ್ತಾಳೆ ಅತ್ತೆ” ಎಂದೆ. “ಕಾಳು ನೆನೆಹಾಕು.”